ನಾನೂರ ಮೂವತ್ತು ಕಿಲೋಮೀಟರಿನ ಆಕಾಶಮಾರ್ಗ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ ಎಂಬ ಸೂತ್ರವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಬರ್ಲಿನ್ ನಗರಕ್ಕೆ ನೇರ ದೂರ ಸುಮಾರು 430 ಕಿ.ಮೀ. ಇಂದಿನ ಜೆಟ್ ವಿಮಾನಕ್ಕೆ ಅದು ಒಂದು ಗಂಟೆಯ ಆಸುಪಾಸಿನ ಪ್ರಯಾಣ. ಆದರೆ ನಾಲ್ಕು ದಶಕಗಳಿಗೂ ಮಿಕ್ಕಿ ಈ ಲೆಕ್ಕದಲ್ಲಿ ಇನ್ನೊಂದು ಅಂಶವೂ ಸೇರಿತ್ತು. ಅದು ಒಂದು ಲಿಖಿತ ಒಪ್ಪಂದ.

ಎರಡನೆಯ ಮಹಾಯುದ್ಧಾನಂತರ ಬರ್ಲಿನ್ ನಗರವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್ ಹಾಗೂ ಸೋವಿಯತ್ ಒಕ್ಕೂಟಗಳು ಹಂಚಿಕೊಂಡವು. ನಗರವಾದರೋ ಸೋವಿಯತ್ ವಲಯದ ಒಳಗಡೆ ಇತ್ತು. ಪಶ್ಚಿಮದ ರಾಷ್ಟ್ರಗಳು ಬಳಸುತ್ತಿದ್ದ ರಸ್ತೆ, ರೈಲುಮಾರ್ಗಗಳಿಗೆ 1945ರ ಜೂನ್ ತಿಂಗಳಲ್ಲಿ ದೊರೆತದ್ದು ಬಾಯಿಮಾತಿನ ಒಪ್ಪಿಗೆ. ವಾಯುಮಾರ್ಗಗಳ ವಿಷಯದಲ್ಲಿ ಮಾತ್ರ ಅದೇ ವರ್ಷದ ನವೆಂಬರ್ 30ರಂದು ಬರಹದ ಒಪ್ಪಂದವಾಯಿತು. ಹ್ಯಾಂಬರ್ಗ್, ಹ್ಯಾನೋವರ್, ಫ್ರಾಂಕ್‌ಫರ್ಟ್ ದಿಕ್ಕುಗಳಿಂದ ಬರ್ಲಿನ್ನಿಗೆ ತಲಾ 32 ಕಿ.ಮೀ. ಅಗಲದ ಮೂರು ಪಥಗಳು ನಿಗದಿಯಾದವು.

1948ರ ಜೂನ್ 24ರಂದು ಸೋವಿಯತ್ ಆಡಳಿತವು ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿತು. ಪಶ್ಚಿಮ ಬರ್ಲಿನ್ನಿನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅನ್ನವೂ ಇಲ್ಲ, ಒಲೆಗೆ ಕಲ್ಲಿದ್ದಲೂ ಇಲ್ಲ ಎಂಬ ಸ್ಥಿತಿ ಸಮೀಪಿಸಿತು. ಆದರೆ ವಿಮಾನಗಳನ್ನು ತಡೆಯುವುದೆಂದರೆ ಸಹಿ ಹಾಕಿದ ಮಾತನ್ನು ಮುರಿಯುವುದು. ಹೊಡೆದುರುಳಿಸುವುದೆಂದರೆ ಯುದ್ಧವನ್ನೇ ಆಹ್ವಾನಿಸುವುದು. ಆ ಹೆಜ್ಜೆಯನ್ನು ಸೋವಿಯತ್ ನಾಯಕರು ಇಡಲಿಲ್ಲ.

ಫ್ರಾಂಕ್‌ಫರ್ಟಿನ ರೈನ್-ಮೈನ್ ನೆಲೆಯಿಂದ ಬರ್ಲಿನ್ನಿನ ಟೆಂಪಲ್‌ಹೋಫ್ ನಿಲ್ದಾಣಕ್ಕೆ ಸುಮಾರು ಹತ್ತು ಟನ್ ಹೊರುವ ಸಿ-54 ವಿಮಾನಗಳು ಹಗಲಿರುಳೂ ಹಾರತೊಡಗಿದವು. ಒಂದೂವರೆ ಗಂಟೆಗೂ ಮೀರಿದ ಹಾದಿ ಅದು. ದಕ್ಷಿಣದ ಪಥದಲ್ಲಿ ಹೋಗಿ ನಡುವಿನ ಪಥದಲ್ಲಿ ಮರಳಬೇಕು. ಮೊದಲ ಯತ್ನದಲ್ಲಿ ಇಳಿಯಲಾಗದಿದ್ದರೆ ಹೊರೆಯೊಡನೆ ಹಿಂದಿರುಗಬೇಕು. ಈ ಶಿಸ್ತಿನಿಂದಲೇ ಮೂರು ಮೂರು ನಿಮಿಷಕ್ಕೊಂದು ವಿಮಾನವನ್ನು ನಡೆಸಲು ಸಾಧ್ಯವಾಯಿತು. ಇತರ ನೆಲೆಗಳೂ ಸೇರಿ 2,77,000ಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 23 ಲಕ್ಷ ಟನ್ ಸಾಮಗ್ರಿ ಸಾಗಿತು. ಅದರಲ್ಲಿ ಮೂರನೆಯ ಎರಡು ಪಾಲು ಕಲ್ಲಿದ್ದಲು. ಅಪಘಾತಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಮೂರು ವರ್ಷಗಳ ಹಿಂದೆ ಅದೇ ನಗರದ ಮೇಲೆ ಬಾಂಬು ಸುರಿಸಿದ ದೇಶಗಳವರೇ ಈಗ ಅದರ ಮಕ್ಕಳಿಗೆ ಹಾಲಿನ ಪುಡಿ ಹೊತ್ತು ತಂದರೆಂಬುದು ಗಮನಾರ್ಹ. 1949ರ ಮೇ 12ರಂದು ದಿಗ್ಬಂಧನ ತೆರವಾಯಿತು.

ಪಥಗಳ ಕಟ್ಟುಪಾಡು ಮಾತ್ರ ಉಳಿಯಿತು. ಜೆಟ್ ಯುಗ ಬಂದ ಮೇಲೂ ವಿಮಾನಗಳು ಅಲ್ಲಿ ಹತ್ತು ಸಾವಿರ ಅಡಿಗಳ ಕೆಳಗೇ ಹಾರುತ್ತಿದ್ದವು. ಪಶ್ಚಿಮ ಜರ್ಮನಿಯ ಸ್ವಂತ ಸಂಸ್ಥೆಯಾದ ಲುಫ್ತಾನ್ಸಾಗೆ ಆ ಪಥಗಳಲ್ಲಿ ಪ್ರವೇಶವಿರಲಿಲ್ಲ. ಅದು ಬರ್ಲಿನ್ನಿಗೆ ಮರಳಿದ್ದು 1990ರಲ್ಲಿ, ಜರ್ಮನಿ ಒಂದಾದ ಬಳಿಕ.

ಟೆಂಪಲ್‌ಹೋಫ್ 2008ರಲ್ಲಿ ಮುಚ್ಚಿತು. ಕಲ್ಲಿದ್ದಲಿನ ಮೂಟೆಗಳು ಇಳಿದ ಆ ಬಯಲು ಈಗ ಸಾರ್ವಜನಿಕ ಉದ್ಯಾನ. ಬಾಯಿಮಾತಿನ ಹಾದಿಗಳು ಒಂದೇ ದಿನದಲ್ಲಿ ಮುಚ್ಚಿದವು, ಬರೆದಿಟ್ಟ ಹಾದಿ ಒಂದು ನಗರವನ್ನು ಬದುಕಿಸಿತು ಎಂಬುದನ್ನು ಕಿರಿಯರು ನೆನಪಿನಲ್ಲಿಡಬೇಕು.