ಜ್ವರದ ಬ್ರೆಡ್ಡಿನಿಂದ ಪೊಟ್ಟಣದ ಸ್ಯಾಂಡ್‌ವಿಚ್‌ವರೆಗೆ

ನಮ್ಮೂರಲ್ಲಿ ಬ್ರೆಡ್ಡು ಅಂದರೆ ಕಾಯಿಲೆಯವರ ಊಟ. ಆಸ್ಪತ್ರೆಗೆ ಸೇರಿದವರನ್ನು ನೋಡಲು ಹೋಗುವಾಗ ಒಂದು ಪೌಂಡು ಬ್ರೆಡ್ಡು, ನಾಲ್ಕು ಮೋಸಂಬಿ ಒಯ್ಯುವುದು ವಾಡಿಕೆ. ಗಟ್ಟಿಮುಟ್ಟಾದವರು ಬ್ರೆಡ್ಡು ತಿನ್ನುತ್ತಿದ್ದರೆ "ಯಾಕ್ಲಾ, ಮೈ ಹುಷಾರಿಲ್ವಾ?" ಎಂದೇ ಕೇಳುತ್ತಿದ್ದರು. ಈಗ ಕುರುಬರಹಳ್ಳಿಯಲ್ಲಿ ಬಾಡಿಗೆಗಿರುವ ನಾನು ವಾರಕ್ಕೆ ಮೂರು ದಿನವಾದರೂ ತ್ರಿಕೋನದ ಪ್ಲಾಸ್ಟಿಕ್ ಡಬ್ಬಿಯ ಸ್ಯಾಂಡ್‌ವಿಚ್ ಹಿಡಿದು ಬಸ್ಸು ಹತ್ತುತ್ತೇನೆ.

ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಹೊತ್ತಾದರೆ ಮಗನ ಸ್ಕೂಲ್ ಬ್ಯಾಗಿಗೆ ಅದೇ ಸ್ಯಾಂಡ್‌ವಿಚ್ ಇಡುತ್ತಾರೆ. ಮೊನ್ನೆ ಪೊಟ್ಟಣ ತಿರುಗಿಸಿ, "ಓದಿರೋನು ನೀನು, ಇದ್ರಲ್ಲಿ ಏನೇನ್ ಹಾಕವ್ರೆ ಹೇಳಪ್ಪ" ಅಂದರು. ಇಂಗ್ಲಿಷಿನ ಇರುವೆ ಸಾಲಿನಂಥ ಅಕ್ಷರಗಳ ನಡುವೆ 282, 481, 471, 510, 415 ಎಂಬ ಅಂಕಿಗಳಿದ್ದವು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದವನು ನಾನು. ನನಗೆ ಒಂದೂ ಗೊತ್ತಿರಲಿಲ್ಲ. ಈ ಬರಹ ಅವತ್ತಿನ ಮುಜುಗರದ ಫಲ.

ಬೆಂಗಳೂರಿನಲ್ಲಿ ಬ್ರೆಡ್ಡು ಮೊದಲು ದಂಡಿನವರ ಪದಾರ್ಥವಾಗಿತ್ತು. ಅದನ್ನು ಪೇಟೆಯವರ ಬಾಯಿಗೆ ತಂದದ್ದು ಹಾಸನ ಕಡೆಯ ಅಯ್ಯಂಗಾರರು. ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದದ್ದು 1898ರಲ್ಲಿ. ಮೊಟ್ಟೆ ಹಾಕದ, ಮಡಿಯವರೂ ಮುಟ್ಟಬಹುದಾದ ಬ್ರೆಡ್ಡು ಅದು. ಆಮೇಲೆ ಬಡಾವಣೆ ಹುಟ್ಟಿದಲ್ಲೆಲ್ಲ ಒಂದು ಅಯ್ಯಂಗಾರ್ ಬೇಕರಿ ಹುಟ್ಟಿತು. ಈಗ ಬೋರ್ಡಿನಲ್ಲಿ ಅಯ್ಯಂಗಾರ್ ಎಂದಿದ್ದರೂ ಗಲ್ಲಾದಲ್ಲಿ ಹಾಸನದ ಗೌಡರು ಕೂತಿರುವುದುಂಟು. ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟಿನ ಮಸಾಲೆ ಹಾಕಿ ಕಾವಲಿಯಲ್ಲಿ ಕಾಯಿಸಿದ ಟೋಸ್ಟೇ ನಮ್ಮ ಊರಿನ ನಿಜವಾದ ಸ್ಯಾಂಡ್‌ವಿಚ್ಚು ಅಂತ ನನ್ನ ವಾದ.

ಆ ಬ್ರೆಡ್ಡಿಗೆ ಬೇಕಾದದ್ದು ಮೈದಾ, ಈಸ್ಟು, ಉಪ್ಪು, ಸಕ್ಕರೆ, ಒಂದಿಷ್ಟು ಜಿಡ್ಡು. ಹಿಟ್ಟು ಹುದುಗಲು ಗಂಟೆಗಟ್ಟಲೆ ಕಾಯಬೇಕಿತ್ತು. ಎರಡು ದಿನ ಕಳೆದರೆ ಬೂಸ್ಟು ಬರುತ್ತಿತ್ತು. ಮಿಕ್ಕದ್ದು ರಸ್ಕ್ ಆಗುತ್ತಿತ್ತು.

ಈ ಕಾಯುವಿಕೆಯನ್ನು ಕಡಿಮೆ ಮಾಡಿದ್ದು ಯಂತ್ರ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನ ಸಂಶೋಧಕರು ಹಿಟ್ಟನ್ನು ಅತಿವೇಗದಲ್ಲಿ ನಾದಿ, ಜಿಡ್ಡು ಮತ್ತು ಆಮ್ಲಜನಕದ ಕೆಲಸ ಮಾಡುವ ರಾಸಾಯನಿಕ ಬೆರೆಸಿ, ಗಂಟೆಗಳ ಹುದುಗನ್ನು ಕೆಲವೇ ನಿಮಿಷಕ್ಕೆ ಇಳಿಸಿದರು. ಕಸುವು ಕಡಿಮೆಯಿರುವ ಗೋಧಿಯಿಂದಲೂ ಮೆತ್ತನೆ ಬ್ರೆಡ್ಡು ಬಂತು. ನಮ್ಮಲ್ಲಿ ಅಮೆರಿಕದಿಂದ ಗೋಧಿ ಹಡಗಿನಲ್ಲಿ ಬರುತ್ತಿದ್ದ ಕಾಲ ಅದು. 1965ರಲ್ಲಿ ಕೇಂದ್ರ ಸರ್ಕಾರವೇ ಮಾಡರ್ನ್ ಬೇಕರೀಸ್ ಸ್ಥಾಪಿಸಿತು. ಯಂತ್ರಗಳಿಗೆ ಕೊಲಂಬೊ ಯೋಜನೆಯಡಿ ಆಸ್ಟ್ರೇಲಿಯ ನೆರವಾಯಿತು. ರಾಗಿಮುದ್ದೆಯ ನಾಡಿಗೆ ಮೇಣದ ಕಾಗದದಲ್ಲಿ ಸುತ್ತಿದ ಸರ್ಕಾರಿ ಬ್ರೆಡ್ಡು! 2000ದ ಜನವರಿಯಲ್ಲಿ ಅದರ ಶೇ 74 ಪಾಲನ್ನು 105.45 ಕೋಟಿ ರೂಪಾಯಿಗೆ ಹಿಂದೂಸ್ತಾನ್ ಲಿವರ್‌ಗೆ ಮಾರಿದರು.

ಈಗ ಅಕ್ಕ ತೋರಿಸಿದ ಅಂಕಿಗಳಿಗೆ ಬರೋಣ. 282 ಎಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಬೂಸ್ಟು ತಡೆಯುತ್ತದೆ, ಬೇಸಗೆಯಲ್ಲಿ ಬ್ರೆಡ್ಡಿನ ಒಳಗೆ ನೂಲು ನೂಲಾಗಿ ಅಂಟು ಬರಿಸುವ ಬ್ಯಾಕ್ಟೀರಿಯವನ್ನೂ ತಡೆಯುತ್ತದೆ. 481, 471 ಬ್ರೆಡ್ಡನ್ನು ಮೆತ್ತಗಿಡುವ ಎಮಲ್ಸಿಫೈಯರುಗಳು. ಮೂರನೇ ದಿನವೂ ಅದು ಹತ್ತಿಯಂತೆ ಒತ್ತಿಕೊಳ್ಳುವುದು ಇವುಗಳಿಂದ. 510 ಅಮೋನಿಯಂ ಕ್ಲೋರೈಡ್, ಈಸ್ಟಿಗೆ ಗೊಬ್ಬರ. 415 ಕ್ಸಾಂಥಾನ್ ಗಮ್, ಮಯೊನೈಸ್ ನೀರಾಗದಂತೆ ಹಿಡಿಯುವ ಅಂಟು. 300 ಅಂತ ಕಂಡರೆ ಹೆದರಬೇಡಿ, ಅದು ವಿಟಮಿನ್ ಸಿ. ಸ್ಯಾಂಡ್‌ವಿಚ್ಚಿನ ಪಟ್ಟಿ ಅಷ್ಟು ಉದ್ದ ಇರುವುದಕ್ಕೆ ಕಾರಣ ಸರಳ: ಅದು ಒಂದು ತಿಂಡಿಯಲ್ಲ. ಬ್ರೆಡ್ಡಿನದೊಂದು ಪಟ್ಟಿ, ಚೀಸ್ ಹಾಳೆಯದೊಂದು, ಮಯೊನೈಸಿನದೊಂದು. ತರಕಾರಿ ಮಾತ್ರ ಪಟ್ಟಿಯಿಲ್ಲದೆ ಬರುತ್ತದೆ, ಅದೂ ಎರಡು ಸೌತೆಕಾಯಿ ಬಿಲ್ಲೆ.

ಇವೆಲ್ಲ ಸರ್ಕಾರ ಒಪ್ಪಿದವು. ಆದರೆ ಒಪ್ಪಿಗೆ ಎಂಬುದು ಶಿಲಾಶಾಸನವಲ್ಲ, 924ನ್ನು ನೋಡಿ. ಅದು ಪೊಟ್ಯಾಸಿಯಂ ಬ್ರೋಮೇಟ್, ಹಿಟ್ಟಿಗೆ ಕಸುವು ಕೊಡುವ ಪುಡಿ. ಚೆನ್ನಾಗಿ ಬೆಂದರೆ ನಿರುಪದ್ರವಿ ಬ್ರೋಮೈಡ್ ಆಗುತ್ತದೆ ಎಂಬುದು ಬೇಕರಿ ಉದ್ಯಮದ ನಂಬಿಕೆ. ಅಳತೆ ಮೀರಿದರೆ, ಬೇಯುವುದು ಕಡಿಮೆಯಾದರೆ ಹಾಗೇ ಉಳಿಯುತ್ತದೆ. ಬ್ರಿಟನ್ 1990ರಲ್ಲಿ ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಬ್ರೆಡ್ಡಿಗೆ ಹಾಕಲು ಪರವಾನಗಿ ಮುಂದುವರಿದೇ ಇತ್ತು. 2016ರ ಮೇ ತಿಂಗಳಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ದೆಹಲಿಯ 38 ಮಾದರಿ ಪರೀಕ್ಷಿಸಿ, 32ರಲ್ಲಿ ಬ್ರೋಮೇಟ್ ಅಥವಾ ಅಯೋಡೇಟ್ ಉಳಿಕೆ ಇದೆ ಎಂದಿತು. ಮುಂದಿನ ತಿಂಗಳೇ ಬ್ರೋಮೇಟ್ ನಿಷೇಧವಾಯಿತು. ಬ್ರಿಟನ್ನಿನ ನಿಷೇಧದಿಂದ ಲೆಕ್ಕ ಹಾಕಿದರೆ 26 ವರ್ಷ ತಡ. ಅಷ್ಟು ವರ್ಷ ಆಸ್ಪತ್ರೆಯ ಮಂಚದ ಪಕ್ಕ ನಾವಿಟ್ಟು ಬಂದ ಬ್ರೆಡ್ಡುಗಳಲ್ಲಿ ಏನಿತ್ತೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ ಇನ್ನೂ ಬಾಕಿ ಇದೆ. ಆಹಾರದ ಲೇಬಲ್ ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿಯ ಹಿಂದಿಯಲ್ಲಿರಬೇಕು ಎನ್ನುತ್ತದೆ ಕೇಂದ್ರದ ನಿಯಮ. ಬೇರೆ ಭಾಷೆಯನ್ನು ಜೊತೆಗೆ ಹಾಕಿದರೆ ತಡೆಯಿಲ್ಲ, ಆದರೆ ಹಾಕಲೇಬೇಕು ಎಂದೂ ಇಲ್ಲ. ಮೈಸೂರಿನಲ್ಲಿ 1950ರಿಂದ ದೇಶದ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಇದೆ. ಅದಿರುವ ರಾಜ್ಯದಲ್ಲೇ ಮಗನ ತಿಂಡಿಯಲ್ಲಿ ಏನಿದೆ ಎಂದು ತಾಯಿ ಪಕ್ಕದ ಮನೆಯವನನ್ನು ಕೇಳಬೇಕು.

ಮೇಲಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಕ್ಕನಿಗೆ ಕೊಟ್ಟೆ. ಅವರು ಓದಿ, ಫ್ರಿಡ್ಜಿನ ಬಾಗಿಲಿಗೆ ಅಂಟಿಸಿ, "ಅದ್ಸರಿ, ಬೇಕ್ರಿಲಿ ಪೇಪರ್‌ನಲ್ಲಿ ಸುತ್ತಿ ಕೊಡ್ತಾರಲ್ಲ, ಅದ್ರಲ್ಲಿ ಏನೈತೆ?" ಅಂದರು. ಅದರ ಮೇಲೆ ಲೇಬಲ್ಲೇ ಇರುವುದಿಲ್ಲ. ನಾಳೆ ಬೇಕರಿಯವರನ್ನೇ ಕೇಳುತ್ತೇನೆ ಎಂದಿದ್ದೇನೆ.