ನನ್ನ ನೆಟ್‌ಬುಕ್ ಉಳಿಸಿದ ಇಲಿ

2013, ಬಿಇ ಕೊನೇ ವರ್ಷ. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಸೆಕೆಂಡ್‌ಹ್ಯಾಂಡ್ ನೆಟ್‌ಬುಕ್ ಕೊಡಿಸಿದ್ದರು. ಅದರ ಗ್ರಾಫಿಕ್ಸ್ ಚಿಪ್ಪಿಗೆ ಲಿನಕ್ಸಲ್ಲಿ 3ಡಿ ಡ್ರೈವರೇ ಇರಲಿಲ್ಲ. ಹೊಸ ಮಾದರಿಯ ಡೆಸ್ಕ್‌ಟಾಪ್ ಒಂದನ್ನು ಹಾಕಿದೆ. ಮೆನು ತೆರೆಯುವಷ್ಟರಲ್ಲಿ ಮೆಸ್ಸಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು!

ಅದು ಡೆಸ್ಕ್‌ಟಾಪ್‌ಗಳು ಬದಲಾಗುತ್ತಿದ್ದ ಕಾಲ. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3, ಪರದೆ ಮೇಲಿನದ್ದನ್ನೆಲ್ಲ 3ಡಿ ಸೌಲಭ್ಯ ನಂಬಿಕೊಂಡೇ ಬಿಡಿಸುತ್ತಿತ್ತು. ಡ್ರೈವರ್ ಇಲ್ಲದವರಿಗೆ ಅಂತ ಇದ್ದ ‘ಫಾಲ್‌ಬ್ಯಾಕ್’ ದಾರಿಯನ್ನು 2013ರ 3.8 ಆವೃತ್ತಿಯಲ್ಲಿ ಮುಚ್ಚಿದರು. ಉಳಿದದ್ದು ಎಲ್‌ಎಲ್‌ವಿಎಂಪೈಪ್, ಅಂದ್ರೆ ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನು ಸಿಪಿಯು ತಲೆಗೆ ಕಟ್ಟೋದು. ಒಳ್ಳೇ ಪ್ರೊಸೆಸರ್ ಇದ್ದವರಿಗೆ ಓಕೆ. ನೆಟ್‌ಬುಕ್ಕಿನ ಬಡಪಾಯಿ ಏನು ಮಾಡೀತು?

ಸೀನಿಯರ್ ಒಬ್ಬರು ಎಕ್ಸ್‌ಎಫ್‌ಸಿಇ ಹಾಕಿಕೊಟ್ಟರು. ಇಲಿ ಅದರ ಲಾಂಛನ. ಒಲಿವಿಯೆ ಫೋರ್ಡಾನ್ ಅದನ್ನು ಶುರುಮಾಡಿದ್ದು 1996ರಲ್ಲಿ. ಕಂಪೋಸಿಟಿಂಗ್ ಆಫ್ ಮಾಡಿದರೆ ಬರೀ 2ಡಿಯಲ್ಲೇ ನಡೆಯುತ್ತೆ. 2006ರ ಎಲ್‌ಎಕ್ಸ್‌ಡಿಇ, ಗ್ನೋಮ್ 2ನ್ನೇ ಮುಂದುವರಿಸಿದ ಮಾಟೆ ಕೂಡ ಇದೇ ದಾರಿಯವು. ಹಳೇ ಮೆಷಿನ್ ಇನ್ನೂ ಯಾರದೋ ಕೈಲಿದೆ ಅಂತ ನೆನಪಿಟ್ಟುಕೊಂಡವರ ಕೆಲಸ ಇವು. ನನ್ನ ಪ್ರಾಜೆಕ್ಟ್ ಡೆಮೊ ಆ ನೆಟ್‌ಬುಕ್ಕಲ್ಲೇ ಮುಗೀತು.

ಈಗ ನಮ್ಮ ಆಫೀಸ್ ಮೀಟಿಂಗಲ್ಲಿ ‘ಹಳೇ ಫೋನ್‌ಗಳಿಗೆ ಸಪೋರ್ಟ್ ಬಿಟ್ಟುಬಿಡೋಣ’ ಅನ್ನೋ ಮಾತು ಬಂದಾಗೆಲ್ಲ, ಆ ಫೋನ್ ಬಳಸೋರು ಯಾರು ಅಂತ ಮೊದಲು ಕೇಳ್ತೀನಿ. ಊರಲ್ಲಿ ಅಪ್ಪನ ಜೇಬಲ್ಲಿರೋದೂ ಅಂಥದ್ದೇ ಒಂದು.