ಲೋರಿಯಾಂ ಬಂದರು
ಬರ್ತ್ ಮೊರಿಸೊ, 1869. ಕ್ಯಾನ್ವಾಸ್ ಮೇಲೆ ತೈಲವರ್ಣ

ಬಲಗಡೆ ಕಲ್ಲಿನ ಕಟ್ಟೆಯ ಮೇಲೆ ಬಿಳಿ ಉಡುಪಿನಲ್ಲಿ, ಕೊಡೆ ಹಿಡಿದು ಕುಳಿತವಳು ಕಲಾವಿದೆಯ ಅಕ್ಕ ಎಡ್ಮಾ. ಆಕೆಯೂ ಒಳ್ಳೆಯ ಚಿತ್ರಕಾರ್ತಿ. ಇಬ್ಬರೂ ಜೊತೆಯಾಗಿಯೇ ಕಲಿತವರು. ಅದೇ ವರ್ಷ ನೌಕಾಪಡೆಯ ಅಧಿಕಾರಿಯನ್ನು ಮದುವೆಯಾಗಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಈ ಊರಿಗೆ ಬಂದ ಮೇಲೆ ಆಕೆಯ ಚಿತ್ರರಚನೆ ಬಹುಮಟ್ಟಿಗೆ ನಿಂತುಹೋಯಿತು. ಅಕ್ಕನನ್ನು ನೋಡಲು ಬಂದಾಗ ತಂಗಿ ಬರೆದ ಚಿತ್ರವಿದು.

ಹಾಯಿದೋಣಿಗಳಿಗಿಂತ ಅವುಗಳ ಕೆಳಗಿನ ನೀರನ್ನು ನೋಡಿ. ಹತ್ತಿರ ಹೋದರೆ ಹಾಯಿಕಂಬಗಳ ಪ್ರತಿಬಿಂಬ ಬರೀ ಕುಂಚದ ಗೀರು, ಎರಡು ಹೆಜ್ಜೆ ಹಿಂದೆ ಸರಿದರೆ ಅಲುಗುವ ನೀರು. ಎಡ್ಮಾಳ ಮುಖವನ್ನೂ ತಿದ್ದಿ ತೀಡಿಲ್ಲ. ಬೆಳಕಷ್ಟೇ ಮೊರಿಸೊಗೆ ಬೇಕಿತ್ತೇನೋ!

ಹಿರಿಯ ಕಲಾವಿದ ಎದುವಾರ್ ಮಾನೆ ಮೆಚ್ಚಿಕೊಂಡಾಗ ಆಕೆ ಇದನ್ನು ಅವರಿಗೇ ಕೊಟ್ಟುಬಿಟ್ಟಳು. ಈಗಿದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ.